ತೊಗರಿ ಗೋದಾಮಿನಲ್ಲಿ ಎರಡು ಗಿಟಾರು

ಮೊದಲ ಫೈಲಿನಲ್ಲಿ ಸಂಗೀತವಿಲ್ಲ. ಪಾರಿವಾಳವೊಂದು ರೆಕ್ಕೆ ಬಡಿಯುತ್ತದೆ, ನಾನು ಸೀನುತ್ತೇನೆ, ಅಕ್ಕ ನಗುತ್ತಾಳೆ, ನಾನು ಮತ್ತೆ ಸೀನುತ್ತೇನೆ. ಅಷ್ಟೇ. ನನ್ನ ನೆನಪಿನಲ್ಲಿ ಮಾತ್ರ ನಾವು ಗೋದಾಮಿನೊಳಗೆ ಕಾಲಿಟ್ಟ ಕೂಡಲೇ ಪೆಟ್ಟಿಗೆ ತೆರೆದು ನುಡಿಸಿದೆವು, ಮೊದಲ ಸ್ವರಕ್ಕೇ ಜಾಗ ನಮ್ಮದಾಯಿತು. ಇಂಥ ಚೆಂದದ ನೆನಪುಗಳನ್ನು ನಂಬುವುದು ಬಿಟ್ಟು ಬಹಳ ದಿನವಾಯಿತು. ಆದ್ದರಿಂದ ಇದನ್ನು ಬರೆಯುವಾಗ ರೆಕಾರ್ಡರಿನ ಫೈಲುಗಳನ್ನು ಒಂದು ಕಡೆ, ಅಕ್ಕನ ನೋಟ್‌ಬುಕ್ಕಿನ ಫೋಟೊಗಳನ್ನು ಇನ್ನೊಂದು ಕಡೆ ಇಟ್ಟುಕೊಂಡಿದ್ದೇನೆ. ಅವು ನನ್ನ ನೆನಪಿಗೆ ಎದುರು ಹೇಳಿದ ಕಡೆ ಹಾಗೆಂದೇ ಬರೆಯುತ್ತೇನೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ತಾಂಡೂರಿನ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸುಣ್ಣದಕಲ್ಲಿನ ಪುಡಿ ಪರೀಕ್ಷೆ ಮಾಡುವವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಒಂಬತ್ತು ವರ್ಷ ನಾವಿಬ್ಬರು ಜೊತೆಯಾಗಿ ನೈಲಾನ್ ತಂತಿಯ ಗಿಟಾರು ನುಡಿಸಿದ್ದೇವೆ. ಒಂದು ಭಾನುವಾರ ಅವಳು ಜಹೀರಾಬಾದಿನ ನನ್ನ ಮನೆಗೆ ಬರುತ್ತಿದ್ದಳು, ಮುಂದಿನ ಭಾನುವಾರ ನಾನು ತಾಂಡೂರಿಗೆ ಹೋಗುತ್ತಿದ್ದೆ. ಎರಡು ಗಿಟಾರಿಗೆಂದೇ ಕಟ್ಟಿದ ಆರು ರಚನೆಗಳು ನಮ್ಮ ಬಳಿ ಇದ್ದವು. ಐದು ನಾನು ಆರಂಭಿಸಿ ಅವಳು ತಿದ್ದಿದವು. ಆರನೆಯದು ಪೂರ್ತಿ ಅವಳದು, ಬಹಳ ನಿಧಾನದ್ದು. ಯಾವುದನ್ನೂ ರೆಕಾರ್ಡು ಮಾಡಿರಲಿಲ್ಲ. ಮುಂದಿನ ತಿಂಗಳು ಮಾಡೋಣ ಎಂದು ಒಂಬತ್ತು ವರ್ಷವೂ ಹೇಳಿಕೊಂಡಿದ್ದೆವು. ಫೆಬ್ರವರಿ ಕೊನೆಗೆ ಅವಳಿಗೆ ವರ್ಗಾವಣೆಯ ಪತ್ರ ಬಂತು. ಅದೇ ಕಂಪನಿಯ ಇನ್ನೊಂದು ಕಾರ್ಖಾನೆ, ರಾಜಸ್ಥಾನದಲ್ಲಿ. ಹೋಗಿ ಸೇರಲು ಮೂರು ವಾರ ಸಮಯ.

“ಐದು ಆದ್ರ ಸಾಕು ತಮ್ಮಾ,” ಎಂದಳು ಅಕ್ಕ ಫೋನಿನಲ್ಲಿ. “ನಂದೊಂದು ಬಿಡು.”

ನಾನು ಬಿಡುವುದಿಲ್ಲ ಎಂದೆ. ಆದರೆ ಅವಳು ಯಾಕೆ ಹಾಗೆ ಹೇಳಿದಳೆಂಬುದು ನನಗೂ ಗೊತ್ತಿತ್ತು. ಉಕ್ಕಿನ ತಂತಿ ಮೀಟಿದರೆ ಸ್ವರ ಬಹಳ ಹೊತ್ತು ನಿಲ್ಲುತ್ತದೆ. ನೈಲಾನಿನದು ಹಾಗಲ್ಲ. ಮೆತ್ತಗೆ, ದುಂಡಗೆ ಹುಟ್ಟುತ್ತದೆ, ಹುಟ್ಟಿದ ಕ್ಷಣದಿಂದಲೇ ಇಳಿಯತೊಡಗುತ್ತದೆ. ಮೇಲಿನ ಸ್ವರಗಳಂತೂ ಮೂರು ಎಣಿಸುವುದರೊಳಗೆ ಮುಗಿದೇ ಹೋಗುತ್ತವೆ. ಅಕ್ಕನ ರಚನೆಯಲ್ಲಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಐದಾರು ಎಣಿಕೆಯ ಅಂತರ. ಮನೆಯಲ್ಲಿ ನುಡಿಸಿದರೆ ಒಂದು ಸ್ವರ, ಆಮೇಲೆ ಫ್ಯಾನಿನ ಸದ್ದು, ಆಮೇಲೆ ಇನ್ನೊಂದು ಸ್ವರ. ಸಾಲು ಕಟ್ಟುತ್ತಲೇ ಇರಲಿಲ್ಲ. ವೇಗ ಹೆಚ್ಚಿಸಿದರೆ ಕಟ್ಟುತ್ತಿತ್ತು, ಆದರೆ ಆಗ ಅದು ಬೇರೆ ಯಾರದೋ ರಚನೆಯಾಗುತ್ತಿತ್ತು. ಕಂಪ್ಯೂಟರಿನಲ್ಲಿ ಆಮೇಲೆ ದೊಡ್ಡ ಜಾಗದ ಗುಂಗು ಸೇರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಸೇರಿಸಿ ನೋಡಿದ್ದೆವು. ಮುಂದಿನ ಸ್ವರವನ್ನು ಯಾವಾಗ ಇಡಬೇಕೆಂದು ಕೈ ತೀರ್ಮಾನಿಸುವುದು ಹಿಂದಿನ ಸ್ವರ ಎಲ್ಲಿಗೆ ಬಂತು ಎಂದು ಕೇಳಿಸಿಕೊಂಡು. ಆಮೇಲೆ ಸೇರಿಸಿದ ಗುಂಗು ಕೈಗೆ ಕೇಳಿಸುವುದಿಲ್ಲ.

ಮೊದಲ ವಾರ ತಾಂಡೂರಿನ ಅವಳ ಮನೆಯಲ್ಲಿ ಪ್ರಯತ್ನಿಸಿದೆವು. ಅಲ್ಲಿ ನೆಲವೆಲ್ಲ ಊರಿನ ಫರಸಿ ಕಲ್ಲು, ಗೋಡೆಗೂ ಅರ್ಧದವರೆಗೆ ಅದೇ. ಸಣ್ಣ ಕೋಣೆ, ಎದುರುಬದುರು ಕಲ್ಲು. ಸ್ವರ ನಿಲ್ಲಲಿಲ್ಲ, ತಾಟಿನ ಹಾಗೆ ಕಿಣಿಕಿಣಿ ಎಂದಿತು. ಗೋಡೆಗೆ ಕೌದಿ ನೇತುಹಾಕಿದೆವು. ಕಿಣಿಕಿಣಿ ಹೋಯಿತು, ಗೂಡ್ಸ್ ರೈಲುಗಳು ಹೋಗಲಿಲ್ಲ. ಎರಡನೆಯ ವಾರ ನನ್ನ ಮನೆ. ಅದು ಹೈವೇಯಿಂದ ಎರಡೇ ಓಣಿ ಒಳಗೆ. ಲಾರಿಗಳ ಸದ್ದು ಕಿವಿಗೆ ಅಷ್ಟಾಗಿ ಬೀಳುವುದಿಲ್ಲ, ಆದರೆ ನೆಲದ ಮೂಲಕ ಬಂದು ಮೈಕಿನ ಕಾಲು ಹಿಡಿಯುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ನಮ್ಮ ಸಂಗೀತದ ಕೆಳಗೆ ಯಾರೋ ದೊಡ್ಡ ಬೀಸುಕಲ್ಲು ತಿರುಗಿಸುತ್ತಿದ್ದ ಹಾಗಿತ್ತು.

ಎರಡು ವಾರ ಹೀಗೆ ಹೋದವು. ಉಳಿದದ್ದು ಒಂದು.

ಆಗ ಒಂದು ಮದುವೆಯ ಊಟದಲ್ಲಿ ನನ್ನ ಹೈಸ್ಕೂಲಿನ ಗೆಳೆಯ ಪಕ್ಕಕ್ಕೆ ಬಂದು ಕೂತ. ನಾರಾಯಣಖೇಡಿನಲ್ಲಿ ಬೇಳೆಕಾಳಿನ ವ್ಯಾಪಾರಿ. ನನ್ನ ಗೋಳು ಕೇಳಿಸಿಕೊಂಡು, “ನಮ್ಮ ಗೋದಾಮಿಗಿ ಬಾರಲೇ. ಒಳಗ ನಿಂತು ಒದರಿದ್ರೂ ಹೊರಗ ಕೇಳಂಗಿಲ್ಲ. ನೆತ್ತಿ ತನಕ ತೊಗರಿ ತುಂಬ್ಯಾದ,” ಎಂದ. ಗೋಣಿಚೀಲ ಸದ್ದು ತಿನ್ನುತ್ತದೆ ಎಂದು ನನಗೆ ಗೊತ್ತಿತ್ತು, ಗೋಡೆಗೆ ಗೋಡೆಯೇ ಚೀಲವಾದರೆ ಏನಾದೀತೆಂದು ಊಹಿಸಿರಲಿಲ್ಲ. ಅವನದು ಒಂದೇ ಷರತ್ತು. ಲಾರಿ ಬಂದಾಗ ಮಾಲು ಹೋಗುತ್ತದೆ, ತಡೆ ಎನ್ನಬಾರದು. ನಾನು ಒಪ್ಪಿದೆ. ಯಾವ ಲಾರಿ, ಎಷ್ಟು ಮಾಲು ಎಂದು ಕೇಳಲು ನನಗೆ ತೋಚಲಿಲ್ಲ.

ಅಕ್ಕ ಉಳಿದಿದ್ದ ರಜೆಯಲ್ಲಿ ಆರು ದಿನ ತೆಗೆದುಕೊಂಡಳು. ಗೆಳೆಯನ ಮನೆಯ ಹೊರಗಿನ ಕೋಣೆಗಳಲ್ಲಿ ಇಳಿದುಕೊಂಡೆವು. ಗೋದಾಮು ಊರ ಅಂಚಿನಲ್ಲಿತ್ತು. ಇಟ್ಟಿಗೆ ಗೋಡೆ, ಫರಸಿ ನೆಲ, ಎತ್ತರದ ತಗಡಿನ ಮಾಡು. ಕೆಲಸದ ಹೊತ್ತನ್ನು ತಗಡೇ ಗೊತ್ತುಮಾಡಿತು. ಬೆಳಗಿನ ಆರರಿಂದ ಎಂಟೂವರೆಯವರೆಗೆ ಅದು ಸುಮ್ಮನಿರುತ್ತದೆ. ಬಿಸಿಲೇರಿದರೆ ಹಿಗ್ಗಿ ಟಕ್ ಟಕ್ ಎನ್ನಲು ಶುರು. ವಿದ್ಯುತ್ತಿನ ಗುಂಯ್‌ಗುಡುವಿಕೆ ಬೇಡವೆಂದು ಎಲ್ಲವನ್ನೂ ಬ್ಯಾಟರಿಯಲ್ಲಿ ನಡೆಸಿದೆ. ಒಂದು ಸಣ್ಣ ರೆಕಾರ್ಡರು, ಒಂದು ಜೊತೆ ಸಪೂರ ಮೈಕುಗಳು. ಕುರ್ಚಿ ಕಿರುಗುಟ್ಟುತ್ತದೆ ಎಂದು ತೊಗರಿ ಚೀಲದ ಮೇಲೆಯೇ ಕೂತೆವು. ಎಡಗಾಲು ಇಡಲು ಒಡೆದ ಫರಸಿಯ ತುಂಡು.

ಗೋದಾಮಿನ ಹಮಾಲರಿಗೆ ಮುಂದಾಳಾಗಿ ಒಬ್ಬ ಮುಕದ್ದಮ ಇದ್ದ. ಅರವತ್ತರ ಆಸುಪಾಸು, ಕುರಿ ಸಾಕುವ ಮನೆತನದವನು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ತೊಗರಿಯ ಹಂಗಾಮಿನಲ್ಲಿ ಮಾತ್ರ ಇಲ್ಲಿಗೆ ಬರುತ್ತಾನೆ. ಇಬ್ಬರು ಬರುತ್ತಾರೆ, ಅವರಿಗೆ ಹೊರಗಿನ ಸದ್ದು ಆಗುವುದಿಲ್ಲ ಎಂದಷ್ಟೇ ಅವನಿಗೆ ಹೇಳಿದ್ದರು. ಅವನು ಹಿಂದಿನ ದಿನವೇ ತನ್ನ ಮಂದಿಯನ್ನು ಹಚ್ಚಿ, ಗೋದಾಮಿನ ನಡುವೆ ನಾಲ್ಕೂ ಕಡೆ ಚೀಲ ಒಟ್ಟಿ ನಮಗೊಂದು ಕೋಣೆ ಕಟ್ಟಿಟ್ಟಿದ್ದ. ಒಬ್ಬರು ಓರೆಯಾಗಿ ನುಸುಳುವಷ್ಟು ಬಾಗಿಲು. ಮೇಲೆ ಬಿದಿರು ಹಾಸಿ, ಮನೆಯಿಂದ ತಂದ ಕಂಬಳಿಗಳನ್ನು ಹೊದಿಸಿದ್ದ. ನಾವು ಒಳಗೆ ಹೋಗಿ ಕೂತೆವು. ನಾನು ಸೀನಿದೆ. ಆ ಫೈಲು ಇದೇ.

ಆಮೇಲೆ ನುಡಿಸಿದೆವು. ಸದ್ದು ಬೆರಳಿನಿಂದ ಹೊರಟು ಬೆರಳಿನಲ್ಲೇ ಮುಗಿಯಿತು. ಪಕ್ಕದಲ್ಲೇ ಕೂತ ಅಕ್ಕನ ಗಿಟಾರು ಗೋಡೆಯಾಚೆ ಯಾರೋ ನುಡಿಸಿದ ಹಾಗೆ ಕೇಳಿಸಿತು. ಆದರೆ ಇಷ್ಟು ಪ್ರೀತಿಯಿಂದ ಕಟ್ಟಿದ ಕೋಣೆಯನ್ನು ಕೆಡವಿ ಎಂದು ಯಾರು ಹೇಳುವುದು? ನಾನು ಮೈಕಿನ ತಂತಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ಅಕ್ಕ ಬಾಗಿಲಿನಿಂದ ತಲೆ ಹೊರಹಾಕಿ ಹೇಳಿದಳು:

“ಕಾಕಾ, ಮನಿ ಭಾಳ ಛಲೋ ಕಟ್ಟೀರಿ. ಆದ್ರ ಒಳಗ ಗಿಟಾರಿಗಿ ಉಸಿರು ಆಡವಲ್ದು.”

ಮುಕದ್ದಮ ಬೇಜಾರು ಮಾಡಿಕೊಳ್ಳಲಿಲ್ಲ. ಕೋಣೆಯೊಳಗೆ ಬಂದು ನಿಂತು, ತಾನೇ ಒಮ್ಮೆ ಚಪ್ಪಾಳೆ ತಟ್ಟಿ ನೋಡಿದ. “ಖರೇ ಅದರಿ. ಸತ್ತಾದ,” ಎಂದ. “ಯಾವ ಕಡಿ ತೆಗೀಬೇಕು ಹೇಳ್ರಿ.” ಕಂಬಳಿ ತೆಗೆಸಿದೆವು, ಎದುರಿನ ಗೋಡೆ ತೆಗೆಸಿದೆವು, ಎಡಗಡೆಯದನ್ನು ಎದೆಯೆತ್ತರಕ್ಕೆ ಇಳಿಸಿದೆವು. ಪ್ರತಿಸಲ ಚೀಲ ತೆಗೆದಾಗಲೂ ಅಕ್ಕ ಒಂದೇ ಸ್ವರ ಮೀಟಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಪ್ರಯೋಗಾಲಯದ ಚಾಳಿ. ಎಂಟೂವರೆಗೆ ತಗಡು ಟಕ್ ಎಂದಾಗ ನಮಗೆ ಬೇಕಾದ ಜಾಗ ಸಿಕ್ಕಿತ್ತು. ಒಣಗಿದ, ಹತ್ತಿರದ, ಪ್ರತಿ ಬೆರಳಿನ ಕೆಲಸವೂ ಕೇಳಿಸುವ ಜಾಗ. ವೇಗದ ರಚನೆಗಳಿಗೆ ಇದಕ್ಕಿಂತ ಚೆನ್ನಾದ ಕೋಣೆಯನ್ನು ನಾನು ಎಲ್ಲೂ ಕಂಡಿಲ್ಲ.

ಮುಂದಿನದು ಮೊದಲ ದಿನವೇ ನಡೆಯಿತು ಎಂದು ನನ್ನ ನೆನಪು. ಅಕ್ಕನ ನೋಟ್‌ಬುಕ್ಕು ಎರಡನೆಯ ದಿನ ಎನ್ನುತ್ತದೆ. ಅದನ್ನೇ ನಂಬುತ್ತೇನೆ.

ಇಬ್ಬರೂ ಒಟ್ಟಿಗೆ ಆರಂಭಿಸಲು ಯಾರಾದರೂ ಎಣಿಸಬೇಕಲ್ಲ. ಒಂಬತ್ತು ವರ್ಷವೂ ನಾನೇ ಎಣಿಸುತ್ತಿದ್ದೆ: ಒಂದು, ಎರಡು, ಮೂರು. ಒಂಬತ್ತು ವರ್ಷವೂ ಅಕ್ಕ ಒಂದು ಕೂದಲೆಳೆ ಮೊದಲು ಬರುತ್ತಿದ್ದಳು. ಅವಳ ಪ್ರಕಾರ ನಾನು ಒಂದು ಕೂದಲೆಳೆ ತಡ. ಆ ಒಣಗಿದ ಜಾಗದಲ್ಲಿ ಮೈಕು ಇದನ್ನು ಮುಚ್ಚಿಡಲಿಲ್ಲ. ಮೊದಲ ಸ್ವರ ಪ್ರತಿಸಲವೂ ಎರಡಾಗಿ ಬಿತ್ತು. ನಾಲ್ಕನೆಯ ಸಲ ಮುಗಿದಾಗ ಮುಕದ್ದಮ ಒಳಗೆ ಬಂದ. ಮುಖ ಸಣ್ಣಗಾಗಿತ್ತು.

“ಮಾಸ್ತರ, ತಪ್ಪ ತಿಳ್ಕೋಬ್ಯಾಡ್ರಿ. ಕಾಳಿನ ಮುಂದ ಕುಂತು ಒಂದು ಅನ್ನಂಗಿಲ್ಲ.”

“ಹೌದಲ್ಲ,” ಎಂದಳು ಅಕ್ಕ, ಬಾಯಿಗೆ ಕೈ ಹಿಡಿದು.

“ಲಾಭ ಅನ್ರಿ. ಲಾಭ, ಎರಡು, ಮೂರು. ನೀವು ನಾಕ ಸಲ ಒಂದು ಅಂದ್ರಿ. ನಾ ಹೊರಗ ಎದಿ ಹಿಡ್ಕೊಂಡು ಕುಂತೀನಿ.”

ನನಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. ಇಲ್ಲಿಯ ಸಂತೆಗಳಲ್ಲಿ ಕಾಳು ಅಳೆಯುವುದನ್ನು, ಚೀಲ ಎಣಿಸುವುದನ್ನು ನೋಡುತ್ತಲೇ ಬೆಳೆದವನು ನಾನು. ಮೊದಲನೆಯದನ್ನು ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಕೈಯಲ್ಲಿ ಗಿಟಾರು ಇದ್ದದ್ದರಿಂದ ನಾನು ಬೇರೆ ಊರಿನವನಾಗಿಬಿಟ್ಟಿದ್ದೆ. ಕ್ಷಮೆ ಕೇಳಿ, ಹೇಗೆ ಎನ್ನಬೇಕು ತೋರಿಸಿ ಎಂದೆ. ಮುಕದ್ದಮ ಚೀಲ ಬೆನ್ನಿಗೇರಿಸುವವನ ಹಾಗೆ ಬಗ್ಗಿ ನಿಂತ. “ಲಾ” ಎಂಬುದನ್ನು ಉದ್ದಕ್ಕೆ ಎಳೆದ, ಭಾರ ಬೆನ್ನಿಗೆ ಕೂತ ಕ್ಷಣಕ್ಕೆ “ಭ” ಎಂದು ಇಳಿಸಿದ. ಎರಡು, ಮೂರು ಎನ್ನುವುದು ಅದರ ಹಿಂದೆ ಎರಡು ಹೆಜ್ಜೆ.

ನಾನು ಅದೇ ಎಳೆತದಲ್ಲಿ ಎಣಿಸಿದೆ. ಮೊದಲ ಸ್ವರ ಒಂದಾಗಿ ಬಿತ್ತು. ನಾವು ಅಲ್ಲೇ ನಿಲ್ಲಿಸಿ ಮುಖ ಮುಖ ನೋಡಿಕೊಂಡೆವು. ಇನ್ನೊಮ್ಮೆ, ಮತ್ತೊಮ್ಮೆ. ಆ ಉದ್ದದ “ಲಾ” ಇಬ್ಬರಿಗೂ ಉಸಿರೆಳೆದುಕೊಳ್ಳಲು ಜಾಗ ಕೊಡುತ್ತದೆ, ಉಸಿರು ಒಂದಾದರೆ ಬೆರಳುಗಳೂ ಒಂದಾಗುತ್ತವೆ ಎಂದು ನನ್ನ ವಿವರಣೆ. ಅಕ್ಕ ವಿವರಣೆ ಬರೆದುಕೊಂಡಿಲ್ಲ. “ಲಾಭ: ಕೂಡಿ ಬಂತು” ಎಂದಷ್ಟೇ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಆ ಬೆಳಿಗ್ಗೆ ಎರಡು ರಚನೆಗಳು ಮುಗಿದವು. ಮಧ್ಯಾಹ್ನ ಗೆಳೆಯನ ತಾಯಿ ಬಡಿಸಿದ ಜೋಳದ ರೊಟ್ಟಿ, ಪುಂಡಿಪಲ್ಯವನ್ನು ನಾವು ಎಷ್ಟು ತಿಂದೆವೆಂದರೆ ಗಿಟಾರನ್ನು ಹೊಟ್ಟೆಗೆ ಆನಿಸಿಕೊಳ್ಳುವುದು ಕಷ್ಟವಾಯಿತು.

ಅದೇ ದಿನ ಇಳಿಹೊತ್ತಿಗೆ ಲಾರಿ ಬಂತು.

ಮೂರನೆಯ ದಿನ ಬೆಳಿಗ್ಗೆ ಹೋದಾಗ ಗೋದಾಮಿನ ಮೂರನೆಯ ಒಂದು ಭಾಗ ಇರಲಿಲ್ಲ. ನಮ್ಮ ಸುತ್ತಲಿನ ಚೀಲಗಳನ್ನು ಮುಟ್ಟಿರಲಿಲ್ಲ, ಆದರೆ ಬೆನ್ನ ಹಿಂದಿನ ದೊಡ್ಡ ಅಟ್ಟಿ ಹೋಗಿ ಇಟ್ಟಿಗೆ ಗೋಡೆ ಬರಿದಾಗಿ ಕಾಣುತ್ತಿತ್ತು. ಮೂರನೆಯ ರಚನೆ ನುಡಿಸಿ, ಹೆಡ್‌ಫೋನಿನಲ್ಲಿ ನಿನ್ನೆಯದರ ಪಕ್ಕದಲ್ಲಿಟ್ಟು ಕೇಳಿದೆ. ಬೇರೆ ಮನೆ, ಬೇರೆ ಜನ. ಪ್ರತಿ ಸ್ವರಕ್ಕೂ ಹಿಂದಿನಿಂದ ಒಂದು ಸಣ್ಣ ಬಾಲ ಅಂಟಿಕೊಂಡಿತ್ತು. ಗೆಳೆಯನಿಗೆ ಫೋನ್ ಮಾಡಿದೆ, ಇನ್ನು ಮೂರು ದಿನ ಲಾರಿ ತಡೆಯಲಾಗದೇ ಎಂದು. ಷರತ್ತು ನೆನಪಿಸಿದ. ಮಾಲು ಕೊಂಡ ಬೇಳೆ ಗಿರಣಿಯವರು ಕಾಯುವುದಿಲ್ಲ ಎಂದ. ತಪ್ಪು ನನ್ನದೇ. ತೊಗರಿ ಗೋದಾಮು ಇರುವುದು ಖಾಲಿಯಾಗುವುದಕ್ಕೆ ಎಂಬಷ್ಟು ನನಗೆ ಹೊಳೆದಿರಲಿಲ್ಲ.

ಅಕ್ಕನ ಸಲಹೆ ಸ್ಪಷ್ಟವಾಗಿತ್ತು. ಉಳಿದ ಚೀಲಗಳನ್ನು ಸುತ್ತಲೂ ಹತ್ತಿರಕ್ಕೆ ಒಟ್ಟಿಸೋಣ, ನಿನ್ನೆಯ ಸದ್ದು ಮತ್ತೆ ಬರುವ ಹಾಗೆ ಮಾಡೋಣ. ಒಂದೇ ತಟ್ಟೆಯ ಮಾದರಿಗಳನ್ನು ಒಂದೇ ಸ್ಥಿತಿಯಲ್ಲಿ ಪರೀಕ್ಷಿಸಬೇಕು, ಇಲ್ಲವಾದರೆ ಪರೀಕ್ಷೆಗೆ ಅರ್ಥವಿಲ್ಲ. ನನಗೂ ಬೇರೇನೂ ಹೊಳೆಯಲಿಲ್ಲ. ಚೀಲ ಹೊರಿಸಲು ಮುಕದ್ದಮನಿಗೆ ಹೇಳಿ ಕಳಿಸಿದೆವು.

ಅವನು ಬಾಗಿಲು ದಾಟುತ್ತಲೇ “ಹೋ” ಎಂದು ಒಂದು ಕೂಗು ಹಾಕಿದ. ಯಾರನ್ನು ಕರೆದಿರಿ ಎಂದು ಅಕ್ಕ ಕೇಳಿದಳು. ಯಾರನ್ನೂ ಇಲ್ಲ, ಅಭ್ಯಾಸ ಎಂದ. ಕೂಗು ಹೇಗೆ ತಿರುಗಿ ಬರುತ್ತದೆ ಎನ್ನುವುದರಿಂದ ಎಷ್ಟು ಮಾಲು ಹೋಗಿದೆ, ಯಾವ ಮೂಲೆ ಖಾಲಿ ಎಂದು ಅವನಿಗೆ ತಿಳಿಯುತ್ತದಂತೆ.

“ಪೂರಾ ಖಾಲಿ ಆದಾಗ ಕೇಳ್ಬೇಕ್ರಿ ನೀವು,” ಎಂದ. “ಕಸ ಹೊಡಿಯೋ ದಿನ ನಮ್ಮ ಮಂದಿ ಸುಮ್ಮನ ಹಾಡ್ತಾರ. ದನಿ ಇಲ್ಲದೋನಿಗೂ ದನಿ ಬರ್ತದ ಅವತ್ತ.”

ಎಲ್ಲ ಆ ಕ್ಷಣದಲ್ಲೇ ಹೊಳೆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಫೈಲಿನಲ್ಲಿ ಆ ಮಾತಿನ ಬಳಿಕ ನಾನು ಬ್ಯಾಟರಿಯ ಬಗ್ಗೆ ಏನೋ ಗೊಣಗುವುದು ಕೇಳಿಸುತ್ತದೆ, ಆಮೇಲೆ ಚೀಲ ಬೀಳುವ ಸದ್ದು ಬಹಳ ಹೊತ್ತು. ಅಷ್ಟಾದ ಮೇಲೆ ನಾನು ಚೀಲ ಒಟ್ಟುವುದನ್ನು ನಿಲ್ಲಿಸಲು ಹೇಳಿದೆ. ಅಕ್ಕನಿಗೆ ಅವಳ ರಚನೆಯ ಮೊದಲ ಸ್ವರ ಮೀಟಲು ಹೇಳಿದೆ.

“ಅದು ಯಾಕೀಗ?”

“ಒಂದ ಸಲ, ಅಕ್ಕಾ.”

ಮೀಟಿದಳು. ಸ್ವರ ಇಳಿಯಿತು, ಆದರೆ ಇಳಿದ ಜಾಗದಲ್ಲಿ ಏನೋ ಉಳಿಯಿತು. ಅವಳು ಕಣ್ಣು ಮುಚ್ಚಿ ಎಣಿಸಿದಳು. ಇನ್ನೊಮ್ಮೆ ಮೀಟಿ ಎಣಿಸಿದಳು. ನಾಲ್ಕು ಎಂದಳು. ಮನೆಯಲ್ಲಿ ಮೂರಾಗುತ್ತಿತ್ತು. ಮೂರನೆಯ ಒಂದು ಭಾಗ ಖಾಲಿಯಾದದ್ದಕ್ಕೆ ಒಂದು ಎಣಿಕೆ.

ಅಲ್ಲಿಂದ ಮುಂದಿನ ಲೆಕ್ಕ ಸುಲಭ. ಗೋದಾಮನ್ನು ಹಿಡಿದು ನಿಲ್ಲಿಸುವುದು ಬೇಡ, ಲಾರಿಯ ಜೊತೆಗೇ ಹೋಗೋಣ ಎಂದೆ. ಬಿರುಸಿನವು ಮೊದಲು, ಸಾವಕಾಶದವು ಆಮೇಲೆ, ಪೂರ್ತಿ ಖಾಲಿಯಾದ ದಿನ ಅವಳದು. ಕೇಳುವವರಿಗೆ ಒಂದು ಕೋಣೆ ಆರು ರಚನೆಗಳ ಉದ್ದಕ್ಕೂ ತೆರೆದುಕೊಳ್ಳುತ್ತಾ ಹೋಗುವುದು ಕೇಳಿಸಲಿ. ಅಕ್ಕ ತಕ್ಷಣ ಒಪ್ಪಲಿಲ್ಲ. ಒಂದರ ಹಾಗೆ ಒಂದಿಲ್ಲದಿದ್ದರೆ ಜನ ತಪ್ಪು ಎಂದುಕೊಳ್ಳುತ್ತಾರೆ ಎಂದಳು. ಅಂದುಕೊಳ್ಳಲಿ ಎಂದೆ. ಅರ್ಧ ಗಂಟೆ ವಾದ ಮಾಡಿದೆವು, ಅಷ್ಟರಲ್ಲಿ ತಗಡು ಟಕ್ ಎಂದು ಆ ದಿನದ ಕೆಲಸ ಮುಗಿಸಿತು. ಊಟಕ್ಕೆ ಕೂತಾಗ ಅವಳು ನೋಟ್‌ಬುಕ್ಕು ತೆರೆದು ರಚನೆಗಳ ಕ್ರಮವನ್ನು ಹೊಡೆದು ಹಾಕಿ ಹೊಸದಾಗಿ ಬರೆದಳು. ಆರನೆಯದರ ಎದುರು ಒಂದು ಪ್ರಶ್ನೆಚಿಹ್ನೆ ಇಟ್ಟಳು.

ಆ ಸಂಜೆ ಲಾರಿ ಬಂದಾಗ ನಾವಿಬ್ಬರೂ ರಸ್ತೆಯವರೆಗೆ ಹೋಗಿ ನಿಂತಿದ್ದೆವು. ಲಾರಿಯ ಚಾಲಕ ನಮ್ಮನ್ನು ಗಿರಣಿಯ ಕಡೆಯವರೆಂದು ತಿಳಿದು ನಮಸ್ಕಾರ ಮಾಡಿದ.

ನಾಲ್ಕನೆಯ ದಿನ ಕೆಲಸ ಸರಾಗವಾಯಿತು. ಮೂರನೆಯ ರಚನೆಯನ್ನು ಮತ್ತೆ ನುಡಿಸಿದೆವು. ಹಿಂದಿನ ದಿನ ಕಿರಿಕಿರಿ ಎನಿಸಿದ್ದ ಬಾಲವನ್ನು ಈ ಸಲ ಬೇಕೆಂದೇ ಬಳಸಿಕೊಂಡೆವು, ವಿರಾಮಗಳನ್ನು ಸ್ವಲ್ಪ ಹಿಗ್ಗಿಸಿ ಅದು ಬಂದು ಹೋಗಲು ಬಿಟ್ಟೆವು. ನಾಲ್ಕನೆಯದೂ ಆಯಿತು. ಐದನೆಯ ದಿನ ನಾನು ಒಂದು ಬುದ್ಧಿಗೇಡಿ ಕೆಲಸ ಮಾಡಿದೆ. ನನ್ನ ಎರಡನೆಯ ತಂತಿ ಮಬ್ಬಾಗಿದೆ ಎನಿಸಿ ಹೊಸದು ಹಾಕಿದೆ. ಹೊಸ ನೈಲಾನು ಎರಡು ದಿನ ಹಿಗ್ಗುತ್ತಲೇ ಇರುತ್ತದೆ. ಇಷ್ಟು ವರ್ಷ ನುಡಿಸಿದವನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಪ್ರತಿ ಸಾಲಿನ ಕೊನೆಗೆ ತಂತಿ ಇಳಿದಿರುತ್ತಿತ್ತು. ಏಳು ಸಲ ನುಡಿಸಿ, ಏಳು ಸಲ ಕೆಡಿಸಿ, ಕಡೆಗೆ ಕಸದ ಜೊತೆ ಮೂಲೆಗೆ ಎಸೆದಿದ್ದ ಹಳೆಯ ತಂತಿಯನ್ನು ಹುಡುಕಿ, ಒರೆಸಿ, ಮತ್ತೆ ಕಟ್ಟಿದೆ. ಆ ಹೊತ್ತಿಗೆ ಸರಿಯಾಗಿ ಅಕ್ಕನ ನೋಟ್‌ಬುಕ್ಕಿನಲ್ಲಿ ಒಂದು ಕತ್ತೆಯ ಚಿತ್ರವಿದೆ. ಎಂಟೂವರೆಗೆ ಎರಡು ನಿಮಿಷ ಮೊದಲು ಐದನೆಯ ರಚನೆ ಮುಗಿಯಿತು.

ಇನ್ನು ಸಂಜೆಯ ಲಾರಿ ಬರಬೇಕು, ಉಳಿದದ್ದನ್ನೆಲ್ಲ ಒಯ್ಯಬೇಕು, ಮರುದಿನ ಬೆಳಿಗ್ಗೆ ಖಾಲಿ ಗೋದಾಮಿನಲ್ಲಿ ಅಕ್ಕನ ರಚನೆ. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡಬೇಕು. ಅದರ ಮರುದಿನ ರೈಲು.

ಲಾರಿ ಬರಲಿಲ್ಲ. ಗಿರಣಿಯವರು ನಾಳೆ ಹತ್ತು ಗಂಟೆಗೆ ಕಳಿಸುತ್ತೇವೆ ಎಂದರಂತೆ. ಗೆಳೆಯನಿಗೆ ನಗು ತಡೆಯ‌ಲಾಗಲಿಲ್ಲ. “ಮೊನ್ನಿ ಲಾರಿ ಬ್ಯಾಡ ಅಂತಿದ್ದಿ, ಇವತ್ತ ಲಾರಿ ಬೇಕಂತಿ. ನಿಂದು ಯಾವ ಧಂದೆ ಐತೋ ಮಾರಾಯಾ?” ಗೋದಾಮಿನಲ್ಲಿ ಇನ್ನೂ ಇನ್ನೂರರಷ್ಟು ಚೀಲ ಇದ್ದವು. ಅಕ್ಕ ಹೋಗಿ ಒಂದು ಸ್ವರ ಮೀಟಿ ಎಣಿಸಿ ಬಂದಳು. ಐದು ಕೂಡ ಪೂರ್ತಿ ಇಲ್ಲ ಎಂದಳು. ಅವಳಿಗೆ ಬೇಕಾದದ್ದು ಆರಕ್ಕಿಂತ ಹೆಚ್ಚು.

“ಇರ್ಲಿ ಬಿಡು ತಮ್ಮಾ. ಐದು ಅದಾವಲ್ಲ,” ಎಂದು ಗಿಟಾರಿನ ತಂತಿಗಳನ್ನು ಪ್ರಯಾಣಕ್ಕೆಂದು ಸಡಿಲಿಸತೊಡಗಿದಳು. ದನಿಯಲ್ಲಿ ಬೇಸರವಿರಲಿಲ್ಲ. ಅದೇ ನನಗೆ ಕಷ್ಟವಾಯಿತು. ಎಲ್ಲೂ ಆಗದ ರಚನೆ ಇಲ್ಲೂ ಆಗಲಿಲ್ಲ ಎಂದು ಅವಳು ಆಗಲೇ ಬರೆದಿಟ್ಟುಬಿಟ್ಟಿದ್ದಳು.

ಬಾಗಿಲ ಬಳಿ ಕೂತು ಎಲೆ ಹಾಕುತ್ತಿದ್ದ ಮುಕದ್ದಮ ಕೇಳಿದ: “ಅಕ್ಕೋರದು ನಾಳಿಗಿ ಅಂದಿದ್ರಿ?”

ಹೇಳಿದೆವು. ಅವನು ಒಳಗೆ ಹೋಗಿ ಒಂದು ಸುತ್ತು ನೋಡಿ ಬಂದ. ಚೀಲಗಳು ಹೇಗೂ ನಾಳೆ ಹೊರಗೆ ಬರಬೇಕು, ಹತ್ತಕ್ಕೆ ಬದಲು ಐದಕ್ಕೆ ಬಂದು ಮುಂದಿನ ಕಟ್ಟೆಯ ಮೇಲೆ ಕೂತರೆ ಅವಕ್ಕೇನು, ಅಲ್ಲಿಂದ ಲಾರಿ ತುಂಬುವುದು ತಮಗೂ ಹಗುರ ಎಂದ. ಆದರೆ ಲಾರಿ ಬಂದು ನಿಲ್ಲದೆ ಮಾಲು ಹೊಸಲು ದಾಟುವ ರೂಢಿ ಆ ಗೋದಾಮಿನಲ್ಲಿ ಇರಲಿಲ್ಲ. ಮೇಲಾಗಿ ಆಕಾಶ ಪಶ್ಚಿಮಕ್ಕೆ ಕಪ್ಪಾಗಿತ್ತು. ಮಾರ್ಚಿನಲ್ಲಿ ಒಂದು ಅಕಾಲದ ಮಳೆ ಬಂದರೆ ತೊಗರಿ ಕೆಡಲು ಸಾಕು. ಗೆಳೆಯ ಆಕಾಶ ನೋಡಿದ, ಅಕ್ಕನ ಕೈಯಲ್ಲಿದ್ದ ಸಡಿಲ ತಂತಿಗಳನ್ನು ನೋಡಿದ.

“ತಾಡಪತ್ರಿ ಹೊಚ್ರಿ. ಎಂಟರ ತನಕ ಟೈಮು,” ಎಂದ. “ಒಂದ ಹನಿ ಬಿತ್ತಂದ್ರ ನಿಮ್ಮ ಸಂಗೀತ ಹೊರಗ, ನನ್ನ ತೊಗರಿ ಒಳಗ.”

ಮರುದಿನ ಐದಕ್ಕೆ ನಾವು ಹೋದಾಗ ಹಮಾಲರು ಚೀಲ ಎತ್ತುವ ಕಬ್ಬಿಣದ ಕೊಕ್ಕೆ ಹಿಡಿದು ಸಾಲುಗಟ್ಟಿ ಆಗಲೇ ಶುರು ಮಾಡಿದ್ದರು. ನಾನು ಒಂದು ಚೀಲದ ಮೂಲೆಗೆ ಕೈ ಹಾಕಿದೆ. ಮುಕದ್ದಮ ಗದರಿದ.

“ಕೈ ತೆಗೀರಿ ಮಾಸ್ತರ. ನಮಗ ಕೊಕ್ಕಿ ಹೆಂಗೋ ನಿಮಗ ಉಗುರು ಹಂಗ. ಮುರೀತಂದ್ರ ಧಂದೆ ಬಂದ್.”

ಅವನು ಹೇಳಿದ್ದು ಸರಿ. ಬಲಗೈಯ ಉಗುರು ಮುರಿದರೆ ನೈಲಾನ್ ಗಿಟಾರಿನವನು ಎರಡು ವಾರ ಮನೆಯಲ್ಲಿ ಕೂರಬೇಕು. ಕೈ ಕಟ್ಟಿ ನಿಂತು ನೋಡಿದೆವು. ಹಿಂದಿನ ಗೋಡೆಗೆ ತಾಗಿದ ಕೊನೆಯ ಸಾಲಿನ ಬಳಿ ಅವನು ನಿಂತು “ಹೋ” ಎಂದ, ತಲೆಯಾಡಿಸಿದ, ಆ ಒಂದು ಸಾಲು ಇರಲಿ ಎಂದ. ಪೂರ್ತಿ ತೆಗೆದರೆ ಗೋಡೆ ಎದುರು ಮಾತಾಡುತ್ತದಂತೆ. ನಾನೂ ಚಪ್ಪಾಳೆ ತಟ್ಟಿ ನೋಡಿದೆ. ಬರಿಯ ಇಟ್ಟಿಗೆಯಿಂದ ಬರುವ ಗಡಸು ಪೆಟ್ಟನ್ನು ಆ ಸಾಲು ನುಂಗಿಕೊಂಡಿತ್ತು, ಉಳಿದದ್ದೆಲ್ಲ ಮೇಲಕ್ಕೆ ಹೋಗಿ ತಗಡಿನ ಕೆಳಗೆ ಸುತ್ತುತ್ತಿತ್ತು. ಗೋಡೆಗೆ ಓರೆಯಾಗಿ ಕೂತೆವು. ಮೈಕುಗಳನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಇಟ್ಟೆ, ಇಷ್ಟು ದಿನ ಬೆರಳು ಕೇಳಿದ ಮೈಕು ಇವತ್ತು ಜಾಗ ಕೇಳಲಿ ಎಂದು. ಹಮಾಲರೆಲ್ಲ ಬಾಗಿಲಾಚೆ ನಿಂತರು. ನುಡಿಸುವುದು ಮುಗಿದ ಮೇಲೂ ಸದ್ದು ಪೂರ್ತಿ ಇಳಿಯಬೇಕು, ನಾನು ಕೈ ಎತ್ತುವವರೆಗೆ ಯಾರೂ ಹೆಜ್ಜೆ ಎತ್ತಿಡಬಾರದು, ಕೆಮ್ಮಬಾರದು ಎಂದು ಬೇಡಿಕೊಂಡೆ.

ಮೊದಲ ಸಲ ಮೂರನೆಯ ಸಾಲಿಗೆ ದೂರದಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಎರಡನೆಯ ಸಲ ಯಾವ ಸದ್ದೂ ಇರಲಿಲ್ಲ, ಆದರೆ ಅಕ್ಕ ನಡುವೆಯೇ ನಿಲ್ಲಿಸಿದಳು. ಮನೆಯ ಅಭ್ಯಾಸದಿಂದ ಸ್ವರ ಇಳಿದು ಬರುವ ಮೊದಲೇ ಮುಂದಿನದಕ್ಕೆ ಓಡುತ್ತಿದ್ದೇನೆ ಎಂದಳು. ಎಷ್ಟು ಹೊತ್ತು ನಿಲ್ಲುತ್ತದೆ ನೋಡಬೇಕು ಎಂದು ಮೊದಲ ಸ್ವರವೊಂದನ್ನೇ ಮೀಟಿ ಕೈ ಕೆಳಗಿಟ್ಟಳು. ಎಣಿಸಿದಳು. ಏಳು. ನನ್ನ ಕಡೆ ತಿರುಗಿ ನಕ್ಕಳು. ಹೊರಗೆ ಗಾಳಿ ಚೀಲಗಳ ಮೇಲೆ ಹೊದಿಸಿದ್ದ ತಾಡಪತ್ರಿಯನ್ನು ಒಮ್ಮೆ ಎತ್ತಿ ಬಡಿಯಿತು.

ಮೂರನೆಯ ಸಲ ಎಣಿಸಿದ್ದು ಅವಳು. ಲಾಭ, ಎರಡು, ಮೂರು.

ಆ ಆರು ನಿಮಿಷಗಳ ಬಗ್ಗೆ ನನ್ನ ನೆನಪನ್ನು ನಾನು ಒಂದಿಷ್ಟೂ ನಂಬುವುದಿಲ್ಲ. ಆದ್ದರಿಂದ ಫೈಲಿನಲ್ಲಿ ಇರುವುದನ್ನು ಹೇಳುತ್ತೇನೆ. ಅವಳ ಮೊದಲ ಸ್ವರ ಇಳಿಯುತ್ತಾ ಬರುತ್ತದೆ, ಆದರೆ ಮುಗಿಯುವುದಿಲ್ಲ. ಮುಗಿಯಿತೇನೋ ಎನ್ನುವ ಹೊತ್ತಿಗೆ ಎರಡನೆಯದು ಅದರೊಳಗೇ ಹುಟ್ಟುತ್ತದೆ. ನನ್ನ ಕೆಳಗಿನ ಸ್ವರಗಳು ದೂರದೂರದಲ್ಲಿ ಬೀಳುತ್ತವೆ, ಅವುಗಳ ಮೇಲೆ ಅವಳ ಸಾಲು ಎಲ್ಲೂ ತುಂಡಾಗದೆ ನಡೆಯುತ್ತದೆ. ಒಂಬತ್ತು ವರ್ಷ ನಾನು ಜೊತೆಗೆ ನುಡಿಸಿದ ಆ ರಚನೆಯ ರಾಗವನ್ನು ಮೊದಲ ಬಾರಿ ಕೇಳಿದ್ದು ಅಲ್ಲಿ. ನಾಲ್ಕನೆಯ ನಿಮಿಷದಲ್ಲಿ ಒಂದು ಪಾರಿವಾಳ ಇದೆ. ಅಕ್ಕ ಅದಕ್ಕಾಗಿ ಅರ್ಧ ಎಣಿಕೆ ಕಾದಿದ್ದಾಳೆ.

ಕೊನೆಯ ಸ್ವರ ಅವಳದೇ. ಅದು ಮೇಲಕ್ಕೆ ಹೋಯಿತು, ತೆಳುವಾಯಿತು, ಇನ್ನೂ ತೆಳುವಾಯಿತು. ಫೈಲಿನಲ್ಲಿ ಅದು ಎಲ್ಲಿ ಮುಗಿಯುತ್ತದೆ ಎಂದು ಎಷ್ಟು ದೊಡ್ಡದು ಮಾಡಿ ಕೇಳಿದರೂ ನನಗೆ ಹೇಳಲಾಗುವುದಿಲ್ಲ. ಅಕ್ಕ ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಬಾಗಿಲಲ್ಲಿ ಹತ್ತು ಹನ್ನೆರಡು ಜನ ಹೆಗಲ ಮೇಲಿನ ಟವೆಲ್ಲು ಹಿಡಿದು ಕಂಬಗಳ ಹಾಗೆ ನಿಂತಿದ್ದರು. ಗೆಳೆಯನೂ ಬಂದು ಅವರ ನಡುವೆ ನಿಂತಿದ್ದ. ಎಷ್ಟು ಹೊತ್ತೋ. ಫೈಲಿನ ಪ್ರಕಾರ ಒಂದು ನಿಮಿಷಕ್ಕೂ ಮೇಲೆ. ಆಮೇಲೆ ಮುಕದ್ದಮನ ದನಿ, ತೀರಾ ಮೆತ್ತಗೆ:

“ಮಾಸ್ತರ, ಕೈ ಎತ್ರಿ. ನಮ್ಮ ಮಂದಿ ಉಸಿರು ಹಿಡ್ಕೊಂಡು ನಿಂತಾರ.”

ಮೊದಲು ನಕ್ಕದ್ದು ಅಕ್ಕ. ಆಮೇಲೆ ಎಲ್ಲರೂ. ನಾನು ಕೈ ಎತ್ತುವುದನ್ನಷ್ಟೇ ಅಲ್ಲ, ರೆಕಾರ್ಡರು ನಿಲ್ಲಿಸುವುದನ್ನೂ ಮರೆತಿದ್ದೆ. ರಾಜಸ್ಥಾನದಿಂದ ಅಕ್ಕ ಫೋನ್ ಮಾಡಿದಾಗ ಅದನ್ನು ಕತ್ತರಿಸಲೇ ಎಂದು ಕೇಳಿದೆ. ಕತ್ತರಿಸಿದರೆ ಮಾತು ಬಿಡುತ್ತೇನೆ ಎಂದಳು. ಹಾಗಾಗಿ ಅದು ಅಲ್ಲೇ ಇದೆ, ಅವಳ ರಚನೆಯ ಕೊನೆಯಲ್ಲಿ: ಖಾಲಿ ಗೋದಾಮಿನ ತುಂಬ ಒಂದು ಡಜನ್ ಜನರ ನಗು, ಇಳಿಯಲು ಏಳು ಎಣಿಕೆ ತೆಗೆದುಕೊಳ್ಳುತ್ತದೆ.